ಅಲ್ಲಾಡಬೇಡ, ಅಕ್ಕ

ಬೂದು ಬಣ್ಣದ ಬೂಟು, ಎಡಗಾಲಿನದರ ದಾರ ಸಡಿಲವಾಗಿದೆ, ಇನ್ನೆರಡು ಹೆಜ್ಜೆಗೆ ಬಿಚ್ಚಿಹೋದೀತು, ಹೇಳಬೇಕೇನೋ — ಮೇಜಿನ ಈ ರಂಧ್ರದಲ್ಲಿ ಮುಖ ಹುದುಗಿಸಿ ಬೋರಲು ಮಲಗಿದವನಿಗೆ ಜಗತ್ತೆಂದರೆ ಒಂದು ಮೊಳ ನೆಲ, ಆ ನೆಲದ ಮೇಲೆ ಬಂದುಹೋಗುವ ಬೂಟುಗಳು, ವೈದ್ಯೆಯ ಮುಖ ನೆನಪಿಗೆ ಬರುವುದೇ ಕಡಿಮೆ, ಬೂಟನ್ನು ಮಾತ್ರ ಎಲ್ಲಿ ಕಂಡರೂ ಗುರುತಿಸಿಯೇನು. ಬೆನ್ನಿನ ಕೀಲುಗಳನ್ನು ಕೈಯಿಂದಲೇ ಒತ್ತಿ ಸರಿಮಾಡುವವರಿಗಿರುವ ಕೈರೊಪ್ರಾಕ್ಟರ್ ಎಂಬ ಹೆಸರನ್ನು ಅಕ್ಕನ ನಾಲಗೆ ಒಪ್ಪಲಿಲ್ಲ, ನಿನ್ನ ಸೊಂಟದ ಮೇಸ್ತ್ರಿ ಏನಂದ್ಲೋ ಎಂದೇ ಪ್ರತಿ ಸಲವೂ ಕೇಳುತ್ತಾಳೆ, ಪಾರ್ಶ್ವವಾಯು ಅವಳ ಎಡಗೈ ಎಡಗಾಲನ್ನು ಕಸಿದುಕೊಂಡಿತೇ ಹೊರತು ನಾಲಗೆಯ ತಂಟೆಗೆ ಹೋಗಲಿಲ್ಲ, ಅದಕ್ಕೂ ಅಷ್ಟು ಧೈರ್ಯವಿರಲಿಲ್ಲವೇನೋ. ವೈದ್ಯೆಯ ತಣ್ಣನೆಯ ಬೆರಳುಗಳು, ಈಗ ನನ್ನ ಎರಡು ಹಿಮ್ಮಡಿಗಳನ್ನು ಜೋಡಿಸಿ ನೋಡುತ್ತಿದ್ದಾಳೆ — ಮತ್ತೆ ಬಲಗಾಲು ಗಿಡ್ಡ ಆಗಿದೆಯಲ್ಲ ಸರ್, ಹೋದ್ಸಲ ಸಮ ಮಾಡಿ ಕಳ್ಸಿದ್ದೆ. ಗಿಡ್ಡವಾಗುವುದು ಕಾಲಲ್ಲ, ಅವಳೇ ವಿವರಿಸಿದ್ದಳು, ಬೆನ್ನೆಲುಬಿನ ಬುಡದ ತ್ರಿಕೋನದ ಮೂಳೆ ಸೊಂಟದ ಅಗಲ ಮೂಳೆಯನ್ನು ಸೇರುವ ಕೀಲು, ಅದು ಕೆರಳಿದರೆ ಸುತ್ತಲಿನ ಸ್ನಾಯುಗಳು ಸೆಟೆದುಕೊಂಡು ಕಾಲನ್ನು ಮೇಲಕ್ಕೆಳೆಯುತ್ತವೆ, ನೋವು ಮಾತ್ರ ಅಲ್ಲೇ, ಬೆರಳಿಟ್ಟು ತೋರಿಸಬಹುದಾದಷ್ಟು ಜಾಗದಲ್ಲಿ, ಮಗ್ಗುಲು ಬದಲಿಸುವಾಗ, ಕುರ್ಚಿಯಿಂದ ಏಳುವಾಗ, ಒಂಟಿ ಕಾಲಲ್ಲಿ ನಿಂತು ಪ್ಯಾಂಟು ತೊಡುವಾಗ, ವರ್ಷಗಳಿಂದ ಮನೆಯಲ್ಲಿರುವ ಬಾಡಿಗೆದಾರನಂತೆ ಅದು, ಖಾಲಿ ಮಾಡು ಎನ್ನುವುದನ್ನು ನಾನು ಬಿಟ್ಟಾಗಿದೆ, ಹೆಚ್ಚು ಸದ್ದು ಮಾಡದಿದ್ದರೆ ಸಾಕು. ಮನೇಲಿ ಏನಾದ್ರೂ ಭಾರ ಎತ್ತುತೀರಾ ಸರ್ — ಇಲ್ಲ ಡಾಕ್ಟ್ರೇ, ಪುಸ್ತಕ ಬಿಟ್ರೆ ಏನಿಲ್ಲ. ಮೊದಲ ದಿನ ಹೇಳಿದ ಸುಳ್ಳು ಇದು, ಈಗ ಅಭ್ಯಾಸವಾಗಿಬಿಟ್ಟಿದೆ, ಉಸಿರಿನಷ್ಟು ಸರಾಗವಾಗಿ ಹೊರಡುತ್ತದೆ, ಆದರೆ ಅದರ ಬೆನ್ನಿಗೇ ಆ ಕಂದು ಕಾಲುಚೀಲ ಏಕೆ ಕಣ್ಣ ಮುಂದೆ ಬರಬೇಕು, ಅಕ್ಕನ ಬಲಪಾದ, ನಾನು ಅವಳನ್ನು ಹಾಸಿಗೆಯಿಂದ ಎತ್ತಿದಾಗ ಗಾಳಿಯಲ್ಲಿ ಮೆಲ್ಲನೆ ತೂಗುವ ಪಾದ.

ಹೊರಗಿನ ಬೆಂಚಿನಲ್ಲಿ ಮಗಳು ಕಾಯುತ್ತಿದ್ದಾಳೆ, ಕೆಲಸಕ್ಕೆ ರಜೆ ಹಾಕಿ ಬಂದಿದ್ದಾಳೆಂದರೆ ನಿರ್ಧಾರವಾಗಿಯೇ ಬಂದಿದ್ದಾಳೆ — ಅಪ್ಪಾ, ಇವತ್ತು ನಾನೇ ಕೇಳ್ತೀನಿ, ಎತ್ಬಾರ್ದು ಅಂತ ಡಾಕ್ಟ್ರು ಒಂದು ಮಾತಂದ್ರೆ ಮುಗೀತು, ಅತ್ತೆಗೆ ವೃದ್ಧಾಶ್ರಮದಲ್ಲಿ ಒಂದು ಕೋಣೆ ನೋಡಿದೀನಿ, ಬೆಳಕಿದೆ, ಕಿಟಕಿ ಇದೆ. ಅವಳು ಕೆಟ್ಟವಳಲ್ಲ, ನಾನು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಿದವಳು. ಆ ಕೋಣೆಯ ಮಾತಿಗೆ ಅಕ್ಕ ಅಂದದ್ದು, ಕಿಟಕಿ ನೋಡೋಕೆ ನಾನೇನು ಕಿಟಕಿ ವ್ಯಾಪಾರಕ್ಕೆ ಹೊರಟಿದೀನೇನೇ, ಆಮೇಲೆ ಇಡೀ ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳಿಲ್ಲದ ಮನೆಯಲ್ಲಿ ನಾನು ಯಾರಿಗೆ ಪದ್ಯ ಓದಲಿ, ಇದೇನೋ ಇದು, ಸಾಲು ಮುರಿದು ಮುರಿದು ಇಟ್ಟಿದಾನೆ, ಬಿಕ್ಕಳಿಕೆ ಬಂದವನ ಹಾಗೆ, ಎಂದು ಯಾರು ಗದರಬೇಕು. ದಾದಿಯೊಬ್ಬಳನ್ನು ಇಟ್ಟು ನೋಡಿದ್ದಾಯಿತು, ಅಕ್ಕನ ಬಾಯಿಗೆ ಹೆದರಿ ವಾರ ತುಂಬುವ ಮೊದಲೇ ಅವಳು ಮಾಯ. ಉಳಿದವನು ನಾನೊಬ್ಬ, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಮುದುಕನಾದವನು, ಭಾರ ಹೊರುವುದು ನನಗೆ ಹೊಸದೇನಲ್ಲ, ಒಂದೊಂದೇ ಸೀಸದ ಅಕ್ಷರವನ್ನು ತಲೆಕೆಳಗಾಗಿ ಜೋಡಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಪುಟಗಳನ್ನು ಬಿಗಿದು, ಬಲಸೊಂಟಕ್ಕೆ ಆನಿಸಿಕೊಂಡು ಯಂತ್ರದವರೆಗೆ ಒಯ್ಯುತ್ತಿದ್ದೆ. ಹೊಸ ಕವಿಗಳ ಸಾಲುಗಳು ಚಿಕ್ಕವು, ಪುಟದ ತುಂಬ ಖಾಲಿ, ಓದುವವರಿಗೆ ಅದು ಮೌನ, ನಮಗೆ ಸೀಸ, ಖಾಲಿ ಜಾಗವನ್ನೂ ಸೀಸದ ತುಂಡುಗಳಿಂದಲೇ ತುಂಬಬೇಕಿತ್ತು, ಎರಡೇ ಸಾಲಿನ ಪದ್ಯವಿದ್ದ ಪುಟವೂ ತುಂಬಿದ ಪುಟದಷ್ಟೇ ತೂಗುತ್ತಿತ್ತು — ಈ ಮಾತನ್ನು ಯಾವ ಕವಿಗೂ ನಾನು ಹೇಳಲಿಲ್ಲ, ನನ್ನ ಸೊಂಟಕ್ಕೆ ಮಾತ್ರ ಗೊತ್ತು. ಹಿರಿಯ ಜೋಡಣೆಗಾರ ಕಲಿಸಿದ್ದು ಒಂದೇ ಪಾಠ, ಬಿಗಿಯಾಗಿ ಹಿಡಿ, ಒಳಗೆ ಒಂದು ಮೊಳೆ ಅಲ್ಲಾಡಿದರೂ ಇಡೀ ಪುಟ ಚೆಲ್ಲಿಹೋಗುತ್ತೆ. ಬಿಗಿಯಾಗಿ ಹಿಡಿದೆ, ಎಲ್ಲವನ್ನೂ ಹಾಗೆಯೇ ಹಿಡಿದೆ, ಅಕ್ಕನನ್ನೂ. ಅಲ್ಲಾಡಬೇಡ ಅಕ್ಕ, ಸುಮ್ನಿರು, ನಾನು ನೋಡ್ಕೋತೀನಿ — ಸ್ವಲ್ಪ ಇಳಿಸೋ, ನೆಲ ಸಿಗ್ತಿಲ್ಲ — ಅಲ್ಲಾಡಬೇಡ ಅಂದೆನಲ್ಲ.

ಉಸಿರು ತಗೊಳ್ಳಿ ಸರ್, ಸೊಂಟದಡಿ ಬೆಣೆಯಂಥ ಎರಡು ದಿಂಬು ತೂರಿಸಿದ್ದಾಳೆ, ಅಂಗೈ ಆ ಜಾಗದ ಮೇಲೆ ಕೂತಿದೆ, ಈಗ ಬಿಡಿ, ಧಡಕ್, ಮೇಜಿನ ಒಂದು ತುಂಡು ಬೆರಳಿನಷ್ಟು ಕೆಳಗೆ ಬಿದ್ದು ನಿಲ್ಲುತ್ತದೆ, ಹಳೆಯ ಅಚ್ಚುಯಂತ್ರದ ಸದ್ದೇ ಇದು, ನೋವಿಲ್ಲ, ಬರೀ ಸದ್ದು, ಮತ್ತೊಮ್ಮೆ ಧಡಕ್, ಮನೆಗೆ ಮುಟ್ಟುವತನಕ ಹಾಯಾಗಿರುತ್ತದೆ, ಬೆಳಿಗ್ಗೆ ಎದ್ದು ಅಕ್ಕನನ್ನು ಎತ್ತುವತನಕ. ಒಂದು ಮಾತು ಹೇಳ್ತೀನಿ ಬೇಜಾರು ಮಾಡ್ಕೋಬೇಡಿ ಸರ್, ಬೂಟು ನನ್ನ ಮೂಗಿನ ಕೆಳಗೇ ಬಂದು ನಿಂತಿದೆ, ದಾರ ಬಿಚ್ಚಿಯೇ ಹೋಗಿದೆ, ನಾನು ಸರಿ ಮಾಡೋದು ನಿಮ್ಮಲ್ಲಿ ನಿಲ್ತಾ ಇಲ್ಲ, ಯಾಕೇಂತ ಗೊತ್ತಾಗ್ದೆ ಸುಮ್ನೆ ತಟ್ಕೊಂಡು ಕೂರೋಕೆ ನಂಗೆ ಮನಸ್ಸಿಲ್ಲ, ಇನ್ನು ಮುಂದಕ್ಕೆ ಬರೋದು ಬೇಡ. ಬೇಡವೆಂದರೆ ಕೀಲು ಹೀಗೇ ಕೊಳೆತು ಒಂದು ಬೆಳಿಗ್ಗೆ ನಾನೇ ಏಳಲಾರೆ, ನಿಜ ಹೇಳಿದರೆ ಎತ್ತಬೇಡಿ ಎನ್ನುತ್ತಾಳೆ, ಎರಡು ದಾರಿಯೂ ಆ ಕಿಟಕಿಯಿರುವ ಕೋಣೆಗೇ ಹೋಗಿ ಸೇರುತ್ತವೆ, ಹೇಳಬೇಡ, ಹೇಳಬೇಡ ಅಂದುಕೊಳ್ಳುತ್ತಲೇ — ನಮ್ಮಕ್ಕ ಡಾಕ್ಟ್ರೇ, ದಿನಾ ಬೆಳಿಗ್ಗೆ ಎತ್ತಿ ಕುರ್ಚೀಲಿ ಕೂರಿಸ್ತೀನಿ, ರಾತ್ರಿ ಎತ್ತಿ ಮಲಗಿಸ್ತೀನಿ, ರಂಧ್ರದೊಳಗೆ ಹೇಳಿದೆ, ನೆಲಕ್ಕೆ, ಬಿಚ್ಚಿದ ದಾರಕ್ಕೆ. ಬೂಟು ಹಿಂದಕ್ಕೆ ಸರಿಯಿತು, ಎದ್ದೇಳಿ, ಮಗ್ಗುಲಾಗಿ, ಹೇಳ್ಕೊಟ್ಟಿದೀನಲ್ಲ, ಹಾಗೆ. ಈಗ ಅವಳೇ ಮೇಜಿನಂಚಿನಲ್ಲಿ ಕೂತಿದ್ದಾಳೆ, ಮುಖ ನೋಡಿದೆ, ಎಷ್ಟು ಎಳೆಯದು — ನಾನೇ ನಿಮ್ಮಕ್ಕ ಅಂದ್ಕೊಳ್ಳಿ, ಎತ್ಬೇಡಿ ಮತ್ತೆ, ಹೆಂಗೆ ಹಿಡೀತೀರ ಅಂತ ತೋರ್ಸಿ ಸಾಕು. ನಮ್ಮಕ್ಕ ಇಷ್ಟೊತ್ತಿಗೆ ನಂಗೆ ಮೂರು ಸಲ ಬೈದಿರ್ತಿದ್ಳು. ಬೈತೀನಿ ಇರಿ, ಮೊದ್ಲು ಹಿಡೀರಿ. ಕಂಕುಳಡಿ ಕೈ, ಬಲಸೊಂಟಕ್ಕೆ ಆನಿಸಿ, ಹಾಗೇ ತಿರುಗಿ — ಅಯ್ಯೋ ಸರ್, ಇದು ಎತ್ತೋದಲ್ಲ, ಹೊರೋದು, ಮೂಟೆ ಹೊತ್ತ ಹಾಗೆ, ಅವರ ಒಳ್ಳೇ ಕಾಲು ಆಗ ಏನ್ಮಾಡ್ತಿರುತ್ತೆ?

ಏನು ಮಾಡುತ್ತಿರುತ್ತದೆ. ಅವಳು ಮುಂದೆ ಹೇಳುತ್ತಲೇ ಇದ್ದಾಳೆ, ಕುರ್ಚಿ ಅವರ ಬಲಗಡೆಗೆ ಒತ್ತಿ ಇಡಿ, ನಿಮ್ಮ ಮಂಡಿ ಬಾಗ್ಲಿ, ಸೊಂಟ ತಿರುಗಬಾರ್ದು, ಪಾದ ತಿರುಗಲಿ, ಅವರು ಒಳ್ಳೇ ಕಾಲು ಊರಿ ಏಳ್ಬೇಕು, ನೀವು ಬರೀ ಜೊತೆಗಿರೋದು, ಮಗಳನ್ನ ಒಳಗೆ ಕರೀತೀನಿ, ಅವರೂ ಕಲೀಲಿ, ನಾಳೆ ಅಕ್ಕನ್ನೂ ಕರ್ಕೊಂಡ್ಬನ್ನಿ, ಆ ಕಾಲು ಭಾರ ತಡೆದ್ರೆ ಸರಿ, ತಡೀಲಿಲ್ಲ ಅಂದ್ರೆ ಮಗಳು ಹೇಳೋದನ್ನ ಕೇಳ್ಬೇಕಾಗುತ್ತೆ ಸರ್, ನಾನು ಸುಳ್ಳು ಹೇಳಲ್ಲ — ಬಾಗಿಲ ಸದ್ದು, ಮಗಳ ಚಪ್ಪಲಿ, ಅಪ್ಪಾ ಏನಂದ್ರು, ಉತ್ತರ ಹೇಳಬೇಕು, ಹೇಳುತ್ತೇನೆ, ತಾಳು ಮಗಳೇ, ಬಿಗಿದ ಪುಟಕ್ಕೆ ಕಾಲುಗಳಿಲ್ಲ, ಅಕ್ಕನಿಗೆ ಒಂದು ಇತ್ತು, ಅವಳು ಹೇಳುತ್ತಲೇ ಇದ್ದಳು, ಇಳಿಸೋ, ನೆಲ ಸಿಗ್ತಿಲ್ಲ, ದಿನವೂ ಹೇಳಿದಳು, ಕಂದು ಕಾಲುಚೀಲ, ಹೆಬ್ಬೆರಳ ಬಳಿ ಚೂರು ತೂತು, ಬೆರಳುಗಳು ಕೆಳಕ್ಕೆ ಚಾಚಿ, ಹುಡುಕಿ, ಮತ್ತೆ ಚಾಚಿ — ನೆಲಕ್ಕೆ ಇನ್ನೊಂದು ಗೇಣು.