ಬೀರುವಿನ ಹಿಂದಿನ ಗೋಡೆ

ಹೊಲಿಗೆ ಯಂತ್ರಕ್ಕೆ ಬೆಲ್ಟ್ ತರಲು ನಾನು ಪೇಟೆಗೆ ಹೋಗಿದ್ದೇ ತಪ್ಪು. ಸಂಜೆ ಬಂದು ನೋಡಿದರೆ ಮುಂದಿನ ಕೋಣೆ, ನಡುಕೋಣೆ, ಅಡುಗೆಮನೆ ಎಲ್ಲವೂ ಸುಣ್ಣ ಬಳಿಸಿಕೊಂಡು ಬೆಳ್ಳಗೆ ಹೊಳೆಯುತ್ತಿದ್ದವು. ನಮ್ಮ ಅತ್ತೆ ಸ್ಟೂಲಿನ ಮೇಲೆ ನಿಂತು ಕೊನೆಯ ಮೂಲೆಗೆ ಬ್ರಷ್ ಆಡಿಸುತ್ತಿದ್ದರು. ಮೂಗಿನ ತುದಿಗೂ ಸುಣ್ಣ ಮೆತ್ತಿತ್ತು.

"ಅತ್ತೆ, ಗೆರೆ ಎಲ್ಲಿ?"

"ಯಾವ ಗೆರೆ?"

"ನೀರಿನ ಗೆರೆ! ನಾಳೆ ಅಳೆಯೋಕೆ ಬರ್ತಾರಲ್ಲ, ಆ ಗೆರೆ!"

"ಅಯ್ಯೋ, ಆ ಕೊಳಕಾ? ಬರೋರು ಆಫೀಸಿನವರು ಕಣೇ. ಅವರ ಕಣ್ಣಿಗೆ ಅದನ್ನ ತೋರಿಸ್ಕೊಂಡು ಕೂತ್ಕೊಳ್ಳೋಕಾಗತ್ತಾ?"

ಮೊದಲೆಲ್ಲ ತಲೆಮಾರಿಗೊಮ್ಮೆ ಉಕ್ಕುತ್ತಿದ್ದ ನಮ್ಮ ಹೊಳೆ ಈಗ ವರ್ಷ ಬಿಟ್ಟು ವರ್ಷ ಹೇಳದೆ ಕೇಳದೆ ಮನೆಯೊಳಗೆ ನುಗ್ಗುತ್ತಿದೆ. ಮಳೆಗೆ ಲಂಗುಲಗಾಮಿಲ್ಲ. ಕಡಲು ಏರಿದ್ದರಿಂದ ಹೊಳೆಯ ನೀರು ಹೋಗಿ ಸೇರುವುದಕ್ಕೂ ತಡವಾಗುತ್ತದೆಯಂತೆ. ಹಾಗಾಗಿ ಸರ್ಕಾರ ಗುಡ್ಡದ ಮೇಲೆ ಹೊಸ ಮನೆಗಳನ್ನು ಕಟ್ಟಿಸಿ ಒಂದು ನಿಯಮ ಮಾಡಿತು: ಗೋಡೆಯ ಮೇಲೆ ನೀರಿನ ಗೆರೆ ನಾಲ್ಕಡಿ ದಾಟಿದ್ದರೆ ಗುಡ್ಡದ ಮೇಲೆ ಮನೆ, ದಾಟದಿದ್ದರೆ ಒಂದು ಬಕೆಟ್, ಎರಡು ಪೊರಕೆ. ನಮ್ಮ ಗೆರೆ ನಾಲ್ಕೂವರೆ ಅಡಿಗಿತ್ತು. ನಾನು ದರ್ಜಿ, ಟೇಪು ಹಿಡಿದು ಮೂರು ಸಲ ಅಳೆದಿದ್ದೆ.

ನನ್ನ ಗಂಡ ಲಾರಿ ಓಡಿಸುತ್ತಾರೆ. ನೆರೆ ಬಂದಾಗಲೆಲ್ಲ ಯಾವುದಾದರೂ ಒಣಗಿದ ಊರಿನಲ್ಲೇ ಇರುತ್ತಾರೆ. ಅದು ಅವರ ಅದೃಷ್ಟ. ಫೋನ್ ಮಾಡಿ ಹೇಳಿದರೆ, "ಅಮ್ಮನ ಹತ್ರ ನೀನೇ ಮಾತಾಡು, ಇಲ್ಲಿ ಸಿಗ್ನಲ್ ಸಿಗ್ತಿಲ್ಲ" ಎಂದು ಬಹಳ ಸ್ಪಷ್ಟವಾಗಿ ಕೇಳಿಸುವ ದನಿಯಲ್ಲಿ ಹೇಳಿ ಇಟ್ಟುಬಿಟ್ಟರು.

ಎದುರುಮನೆಯ ಬೇಕರಿಯಮ್ಮ ಇದ್ದಾಳೆ, ಅವಳು ಜಾಣೆ. ತನ್ನ ಗೆರೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮನೆಯವರು ಯಾರೂ ಆ ಗೋಡೆಗೆ ಒರಗದ ಹಾಗೆ ಕಾವಲು ಕಾಯುತ್ತಿದ್ದಳು. ಬಂದವರಿಗೆಲ್ಲ ಮಗಳ ಮದುವೆಯ ಆಲ್ಬಮ್ ತೋರಿಸುವ ಹಾಗೆ ತೋರಿಸುತ್ತಿದ್ದಳು. ನಮ್ಮ ಅತ್ತೆಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಮನೆ ಕೊಳಕಾಗಿಟ್ಟುಕೊಂಡಿದ್ದಕ್ಕೆ ಬಹುಮಾನ ಬೇರೆ!" ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಅಳತೆಯವರು ಬಂದರು. ಬಗಲಲ್ಲಿ ಫೈಲು, ಕೈಯಲ್ಲಿ ಟೇಪು, ಮುಖದಲ್ಲಿ ಇಡೀ ಬೀದಿ ಅಳೆದ ಸುಸ್ತು. ಬಾಗಿಲಲ್ಲಿ ನಿಂತು ಒಳಗೆ ನೋಡಿ ಚಪ್ಪಲಿಯನ್ನು ಹೊರಗೇ ಬಿಟ್ಟರು. ಅತ್ತೆಯ ಮುಖ ಅರಳಿತು.

"ಎಷ್ಟು ಚೆನ್ನಾಗಿಟ್ಟಿದೀರಮ್ಮ! ಇಲ್ಲಿಗೆ ನೀರು ಬಂದೇ ಇಲ್ಲ ಅನ್ಸತ್ತೆ?"

"ಸ್ವಲ್ಪ ಬಂದಿತ್ತು," ಅಂದರು ಅತ್ತೆ ನಾಚಿಕೊಂಡು. "ಒರೆಸಿಬಿಟ್ಟೆ."

"ಅತ್ತೆ!" ಎಂದು ನಾನು ಕಿರುಚಿದೆ. "ಸಾರ್, ನಾಲ್ಕೂವರೆ ಅಡಿ ಬಂದಿತ್ತು. ನಾವು ಮೂರು ದಿನ ಶಾಲೆಯಲ್ಲಿ ಮಲಗಿದ್ವಿ. ಹೊಲಿಗೆ ಮೆಷಿನ್ನೊಳಗೆ ಇನ್ನೂ ಮಣ್ಣಿದೆ, ನೋಡಿ ಬೇಕಾದ್ರೆ."

"ಬಾಯಿಮಾತು ಬರೆಯೋಕೆ ಈ ಕಾಗದದಲ್ಲಿ ಜಾಗಾನೇ ಇಲ್ಲಮ್ಮ. ಗೋಡೆ ಮೇಲೆ ಗುರುತು ಬೇಕು." ಅವರು ಪೆನ್ನಿನ ಮುಚ್ಚಳ ತೆಗೆದರು. "ಒಂದು ಬಕೆಟ್, ಎರಡು ಪೊರಕೆ..."

ಆಗ ನನ್ನ ಕಣ್ಣು ನಡುಕೋಣೆಯ ಕಬ್ಬಿಣದ ಬೀರುವಿನ ಮೇಲೆ ಬಿತ್ತು. ನಾಲ್ಕು ಜನ ಸೇರಿ ಒಳಗೆ ತಂದಿಟ್ಟಿದ್ದ ಬೀರು ಅದು. ಅಂದಿನಿಂದ ಜಗ್ಗಿಲ್ಲ. ಅತ್ತೆ ಎಷ್ಟೇ ಗಟ್ಟಿಗಿತ್ತಿಯಾದರೂ ಅದರ ಹಿಂದೆ ಸುಣ್ಣ ಬಳಿದಿರಲು ಸಾಧ್ಯವೇ ಇಲ್ಲ.

"ಸಾರ್, ಬೀರು ಸರಿಸಿ ನೋಡೋಣ!"

ಆ ಮಾತು ಮುಗಿಯುವುದರೊಳಗೆ ಅತ್ತೆ ಹೋಗಿ ಬೀರುವಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

"ಅಲ್ಲೇನೂ ಇಲ್ಲ."

"ಅತ್ತೆ, ದಾರಿ ಬಿಡಿ."

"ಬಿಡಲ್ಲ. ಕೊಲ್ತೀನಿ ಅಂದ್ರೂ ಬಿಡಲ್ಲ."

ನಾನು ಹತ್ತಿರ ಹೋದೆ. ಅವರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ಎಂಟು ವರ್ಷ ಆಯ್ತು ಕಣೇ, ಅಲ್ಲಿಗೆ ಪೊರಕೆ ಹೋಗಿಲ್ಲ. ಬೇರೆಯವರ ಮುಂದೆ ನನ್ನ ಮರ್ಯಾದೆ ತೆಗೀಬೇಡ." ಅವರ ಕಣ್ಣಲ್ಲಿ ನಿಜವಾದ ಭಯವಿತ್ತು. ಮೂರು ಸಲ ನೆರೆ ಬಂದಾಗಲೂ ಅಷ್ಟು ಭಯ ನಾನು ಕಂಡಿರಲಿಲ್ಲ. ನನಗೆ ನಗು ಬಂತು, ಪಾಪ ಅನ್ನಿಸಿತು, ಆದರೂ ಪೊರಕೆಯ ಸಲುವಾಗಿ ಮನೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಬಾಗಿಲಿಗೆ ಹೋಗಿ ಗಂಟಲು ಹರಿಯುವ ಹಾಗೆ ಬೇಕರಿಯಮ್ಮನನ್ನು ಕೂಗಿದೆ.

ಇಪ್ಪತ್ತು ವರ್ಷ ಹಿಟ್ಟು ನಾದಿದ ತೋಳು ಅವಳದು. ಅವಳನ್ನು ಕಂಡದ್ದೇ ಅತ್ತೆ ಕಣ್ಣು ಮುಚ್ಚಿಕೊಂಡರು. ಬೇಕರಿಯಮ್ಮ "ಸರೀರಿ ಅಕ್ಕ" ಎಂದು ಅತ್ತೆಯನ್ನು ಅನಾಮತ್ತು ಎತ್ತಿ ಪಕ್ಕಕ್ಕಿಟ್ಟು ಬೀರುವಿಗೆ ಕೈ ಹಚ್ಚಿದಳು. ನಾನೊಂದು ಕಡೆ, ಅಳತೆಯವರು ಇನ್ನೊಂದು ಕಡೆ. ಬೀರು ಕಿರ್ರೆಂದು ಗೋಡೆ ಬಿಟ್ಟಿತು.

ಕಸವೇನೋ ಇತ್ತು. ಅಂಗಿಯ ಗುಂಡಿಗಳು, ಒಂದು ಬಾಚಣಿಗೆ, ಗಟ್ಟಿಯಾದ ಕೆಸರು. ಆದರೆ ಯಾರೂ ನೆಲ ನೋಡಲಿಲ್ಲ. ಗೋಡೆಯ ಮೇಲೆ ಒಂದು ಗೆರೆಯಲ್ಲ, ಮೂರು ಗೆರೆಗಳಿದ್ದವು. ಮೊಣಕಾಲಿನ ಮಟ್ಟಕ್ಕೆ ಒಂದು, ಸೊಂಟದ ಮಟ್ಟಕ್ಕೆ ಒಂದು, ಅದರ ಮೇಲೆ ಈ ವರ್ಷದ್ದು. ಪ್ರತಿ ಸಲ ನಾವು ಶಾಲೆಯಿಂದ ವಾಪಸು ಬಂದು, ಉಜ್ಜಿ, ಬಳಿದು, ಏನೂ ಆಗೇ ಇಲ್ಲ ಎಂಬಂತೆ ಸಂಸಾರ ಶುರು ಮಾಡಿದ್ದೆವು. ಮೂರನ್ನೂ ಒಟ್ಟಿಗೆ ನಾವು ಯಾವತ್ತೂ ನೋಡಿರಲಿಲ್ಲ.

ಅಣಕಿಸಲು ಬಾಯಿ ತೆರೆದಿದ್ದ ಬೇಕರಿಯಮ್ಮ ಬಾಯಿ ಮುಚ್ಚಿದಳು.

ಅತ್ತೆ ಕಣ್ಣು ಬಿಟ್ಟು ಮೆಲ್ಲಗೆ ಗೋಡೆಯ ಹತ್ತಿರ ಬಂದರು. ನಮ್ಮ ಅತ್ತೆ ಗಿಡ್ಡಕ್ಕಿದ್ದಾರೆ. ಗೋಡೆಗೆ ಬೆನ್ನು ತಾಗಿಸಿ ನಿಂತರೆ ಮೇಲಿನ ಗೆರೆ ಅವರ ಗಲ್ಲದ ಹತ್ತಿರ ಬಂತು. ಅವರು ಕೈಯಿಂದ ಮುಟ್ಟಿ ನೋಡಿಕೊಂಡರು. ಕೆಳಗಿನ ಗೆರೆಗೂ ನಡುವಿನದಕ್ಕೂ ಇರುವ ಅಂತರವನ್ನು ಗೇಣಿನಲ್ಲಿ ಅಳೆದರು. ಆಮೇಲೆ ಮೇಲಿನ ಗೆರೆಯಿಂದ ಅಷ್ಟೇ ಗೇಣು ಮೇಲಕ್ಕೆ ಅಳೆಯುತ್ತಾ ಹೋದರು. ಕೈ ಅವರ ತಲೆ ದಾಟಿತು.

"ಇನ್ನೊಂದು ಸಲ ಬಂದ್ರೆ ನಾನು ಒರೆಸೋಕೆ ಇರಲ್ಲ ಕಣೇ," ಅಂದರು.

ಅಳತೆಯವರು ಟೇಪು ಬಿಚ್ಚಿದರು. ಅದರ ತುದಿ ಹಿಡಿಯಲು ನಾನು ಬಗ್ಗುವ ಮೊದಲೇ ಅತ್ತೆ ಆ ಕಸದಲ್ಲೇ ಮಂಡಿಯೂರಿ ಕೂತು, ತುದಿಯನ್ನು ನೆಲಕ್ಕೆ ಒತ್ತಿ ಹಿಡಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

"ಸರಿಯಾಗಿ ಓದ್ಕೊಂಡು ಬರ್ಕೊಳ್ಳಿ ಸ್ವಾಮಿ," ಅಂದರು. "ಮೂರನ್ನೂ ಬರ್ಕೊಳ್ಳಿ."