ತುಂಡಾಗಿದ್ದ ಎಳೆ

ಅನಂತಲಕ್ಷ್ಮಿ ಆಂಟಿ ಮೆಟ್ಟಿಲು ಹತ್ತಿ ಬಂದ ರಭಸಕ್ಕೇ ರಾಗಿಣಿ ಮೆಷಿನ್ ಒರೆಸುವುದನ್ನು ನಿಲ್ಲಿಸಿದಳು. ವಿಜಯನಗರದ ಬಳೆ ಅಂಗಡಿಯ ಮೇಲಿರುವ ಅವಳ ಟ್ಯಾಟೂ ಸ್ಟುಡಿಯೋಗೆ ಆಂಟಿ ಹಿಂದೆ ಬಂದಿದ್ದಾಗ ಗೋಡೆ ಹಿಡಿದು ಹತ್ತಿದ್ದರು. ಇವತ್ತು ಕೈಯಲ್ಲಿ ಸ್ಟೀಲ್ ಡಬ್ಬಿ, ಮುಖದ ತುಂಬ ನಗು.

"ಶ್ರೀರಾಮನ ಫ್ರೆಂಡ್ ಒಬ್ಬ ಸಿಕ್ಕಿದ್ದ ಕಣೇ."

"ಯಾರು ಆಂಟಿ?"

"ಮಾತಾಡ್ಸಕ್ಕೆ ಆಗ್ಲಿಲ್ಲ. ಉಲ್ಲಾಳದ ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಿದ್ದ. ಕೈ ನೋಡ್ತೀನಿ, ನನ್ ಕೈಲಿರೋ ಟ್ಯಾಟೂನೇ. ಆ ಕಡಿದಿರೋ ಜಾಗ ಸಮೇತ. ರಶ್ಶಲ್ಲಿ ನಾನು ಏಳೋಷ್ಟ್ರಲ್ಲಿ ಇಳ್ದೇ ಬಿಟ್ಟ. ನೀನೇ ಹಾಕಿರೋದು ತಾನೇ?"

ರಾಗಿಣಿ ಹೌದೆಂದು ತಲೆಯಾಡಿಸಿ, ಒರೆಸಿದ ಮೆಷಿನ್ನನ್ನೇ ಮತ್ತೆ ಒರೆಸತೊಡಗಿದಳು.

ಶ್ರೀರಾಮ್ ಆಂಟಿಯ ಒಬ್ಬನೇ ಮಗ. ಕಳೆದ ವರ್ಷ ಈ ಕುರ್ಚಿಯಲ್ಲೇ ಕಾಲಾಡಿಸುತ್ತ ಕೂತು, ಕೈಗೆ ಕೆಲ್ಟಿಕ್ ಗಂಟು ಬೇಕು ಎಂದಿದ್ದ. ಐರ್ಲೆಂಡ್ ಕಡೆಯ ವಿನ್ಯಾಸ ಅದು. ಒಂದೇ ಎಳೆ ಮೇಲೊಮ್ಮೆ ಕೆಳಗೊಮ್ಮೆ ಹಾದು, ಸುತ್ತಿ ಸುತ್ತಿ ತನಗೆ ತಾನೇ ಬಂದು ಕೂಡುತ್ತದೆ. ರಾಗಿಣಿ ಅವನಿಗೆಂದೇ ಬರೆದಿಟ್ಟಳು. ಹಾಕಿಸಿಕೊಳ್ಳಲು ಅವನು ಬರಲಿಲ್ಲ. ಕೆಂಗೇರಿ ಹತ್ತಿರ ಬೈಕಿನಿಂದ ಬಿದ್ದವನು ಏಳಲೇ ಇಲ್ಲ. ಆಮೇಲೊಂದು ದಿನ ಬಂದದ್ದು ಅವನ ತಾಯಿ. ಬಸವೇಶ್ವರನಗರದ ಮನೆ ಮುಂದೆ ದಿನಾ ರಂಗೋಲಿ ಬಿಡುವ ಬೆರಳನ್ನು ಆ ಚಿತ್ರದ ಮೇಲೆ ಓಡಿಸಿ ಕೇಳಿದ್ದರು:

"ಇದು ಎಲ್ಲೂ ಮುಗಿಯೋದೇ ಇಲ್ವಾ?"

"ಅದೇ ಆಂಟಿ ಇದರ ವಿಶೇಷ. ಶುರುನೂ ಇಲ್ಲ, ಕೊನೇನೂ ಇಲ್ಲ."

"ಸುಳ್ಳು. ಇಲ್ಲೊಂದ್ಕಡೆ ಕಡಿ."

"ನೋಡಿದೋರು ತಪ್ಪಾಗಿದೆ ಅಂತಾರೆ ಆಂಟಿ."

"ತಪ್ಪೇ ಆಗಿರೋದಲ್ವೇನಮ್ಮಾ?"

ಆ ಗಂಟನ್ನು ಆಂಟಿಯ ತೋಳಿಗೇ ಹಾಕುತ್ತ ರಾಗಿಣಿ ಎಳೆಯನ್ನು ಒಂದು ಕಡೆ ಕಡಿದಳು. ಒಂದು ಅಕ್ಕಿಕಾಳು ಹಿಡಿಯುವಷ್ಟು ಜಾಗ. ಇದನ್ನು ಇನ್ನು ಯಾರಿಗೂ ಹಾಕಲ್ಲ ಎಂದು ಆಂಟಿಯ ಕೈ ಹಿಡಿದು ತಾನಾಗಿಯೇ ಮಾತೂ ಕೊಟ್ಟಳು. ಅದೇ ಸಂಜೆ ಆ ತೋಳಿನ ಫೋಟೋ ಇನ್‌ಸ್ಟಾಗ್ರಾಮಿಗೆ ಹೋಯಿತು. ಲೈಕುಗಳು ಬಂದು ಸುರಿದವು. ಅವುಗಳ ಹಿಂದೆಯೇ ಬಂದ ಕಾಲೇಜು ಹುಡುಗ ಅಮರೇಶ, "ಅಕ್ಕಾ, ಸೇಮ್ ಟು ಸೇಮ್ ಬೇಕು. ಆ ಕಟ್ ಇದೆಯಲ್ಲ, ಅದೇ ಲುಕ್ಕು" ಎಂದ. ಬೇರೆ ಬರೆದುಕೊಡುತ್ತೇನೆ ಅನ್ನಬಹುದಿತ್ತು. ಆ ಜಾಗವನ್ನಾದರೂ ಕೂಡಿಸಬಹುದಿತ್ತು. ತನ್ನ ಗೆರೆಯನ್ನು ಒಬ್ಬ ಹುಡುಕಿಕೊಂಡು ಬಂದಿದ್ದಾನೆ ಎಂಬ ಕೊಬ್ಬು ಅವಳ ಕಣ್ಣು ಕಟ್ಟಿತ್ತು; ಇದ್ದದ್ದನ್ನು ಇದ್ದಂತೆಯೇ ಹಾಕಿಕೊಟ್ಟಳು.

"ಮುಂದಿನ್ ವಾರ ವರ್ಷದ ಕಾರ್ಯ," ಆಂಟಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಕೋಡುಬಳೆ. "ಇದು ಅವನಿಗೆ. ಫೋನ್ ಮಾಡಿ ಊಟಕ್ಕೆ ಬರಕ್ಕೆ ಹೇಳು. ಅವನ ಫ್ರೆಂಡ್ಸೆಲ್ಲ ಹದಿಮೂರನೇ ದಿನಕ್ಕೇ ಮುಗಿಸ್ಬಿಟ್ರು ಕಣೇ, ಎದುರಿಗೆ ಸಿಕ್ಕಿದ್ರೆ ಗಾಡಿ ತಿರುಗಿಸ್ಕೊಂಡ್ ಹೋಗ್ತಾರೆ. ಇವನು ನೋಡು, ಮೈಮೇಲೇ ಬರೆಸ್ಕೊಂಡಿದಾನೆ. ಇವನು ಶ್ರೀರಾಮಂಗೆ ಕಾಲೇಜಲ್ಲಿ ಪರಿಚಯನಾ, ಆಫೀಸಲ್ಲಾ?"

'ಕಾಲೇಜಲ್ಲಿ' ಎನ್ನುವ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಊಟಕ್ಕೆ ಕೂತ ಆ ಹುಡುಗನ ಎಲೆಗೆ ಬಡಿಸುತ್ತ ಬಡಿಸುತ್ತ ಆಂಟಿ ಮಗನ ಬಗ್ಗೆ ಕೇಳುತ್ತಾರಲ್ಲ, ಆಗ?

"ಅವನಿಗೆ ಶ್ರೀರಾಮ್ ಗೊತ್ತಿಲ್ಲ ಆಂಟಿ."

"ಹಾಗಂದ್ರೆ?"

"ನಿಮ್ ಕೈ ಫೋಟೋ ಹಾಕಿದ್ದೆ. ನೋಡ್ಕೊಂಡ್ ಬಂದ. ಅವನಿಗೆ ಚೆನ್ನಾಗ್ ಕಾಣ್ತು, ಅಷ್ಟೇ."

"ಆ ಕಡಿದಿರೋದು?"

"ಅದೂ."

ಕೆಳಗೆ ಬಳೆ ಅಂಗಡಿಯಲ್ಲಿ ಯಾರೋ ಚೌಕಾಸಿ ಮಾಡುತ್ತಿದ್ದರು. ಆಂಟಿ ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದರು, ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಒತ್ತಿದರು. ಆಮೇಲೆ ಹೋಗಿ ಕುರ್ಚಿಯಲ್ಲಿ ಕೂತು ತೋಳು ಚಾಚಿದರು.

"ಜೋಡಿಸ್ಬಿಡು."

"ಆಂಟಿ, ಬೇಡ. ಪ್ಲೀಸ್."

"ಮನೇಲಿ ಅಡುಗೆ ಹಾಗೇ ಬಿಟ್ ಬಂದಿದೀನಿ. ಬೇಗ ಮಾಡಮ್ಮ."

"ತಪ್ಪಾಯ್ತು ಆಂಟಿ. ಆ ಫೋಟೋ ತೆಗ್ದ್ ಬಿಡ್ತೀನಿ."

"ಇರ್ಲಿ ಬಿಡು. ಜನಕ್ಕೆ ಇಷ್ಟ ಆಗಿದೆಯಲ್ಲ. ಇದೂ ಬರೀ ಡಿಸೈನೇ ಅಂದ್ಮೇಲೆ ಸರಿಯಾಗಾದ್ರೂ ಇರ್ಲಿ."

ರಾಗಿಣಿ ಹೊಸ ಸೂಜಿ ಹಾಕಿದಳು. ಅಂದು ಗಂಟೆಗಟ್ಟಲೆ ಹಿಡಿದಿದ್ದ ಗಂಟು, ಇಂದು ಮೆಷಿನ್ ಸದ್ದು ಎದ್ದು ಅಡಗುವುದರೊಳಗೆ ಕೂಡಿಕೊಂಡಿತು. ಅಂದು ಪ್ರತಿ ಗೆರೆಗೂ ಕಣ್ಣೊರೆಸಿಕೊಂಡಿದ್ದ ಆಂಟಿ ಇಂದು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು.

"ಇದೊಂಚೂರು ಜಾಸ್ತಿ ಕಪ್ಪಗಿದೆಯಲ್ಲ," ಎಂದರು, ತೋಳನ್ನು ಬೆಳಕಿಗೆ ಹಿಡಿದು.

"ಹೊಸ ಇಂಕು ಆಂಟಿ. ಹೋಗ್ತಾ ಹೋಗ್ತಾ ಹಳೇದರ ಜೊತೆ ಸೇರ್ಕೊಳತ್ತೆ. ಆಮೇಲೆ ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ."

"ಯಾರಿಗೂ?"

"ಯಾರಿಗೂ."

ಆಂಟಿ ಸೆರಗು ಎಳೆದು ತೋಳು ಮುಚ್ಚಿಕೊಂಡರು. ಕೋಡುಬಳೆಯ ಡಬ್ಬಿಯನ್ನು ಮರೆಯದೆ ಎತ್ತಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದರು.