ಅವರು ಎಲ್ಲಿಯವರಂತೆ?

ಬಾಯಿ ತೆರೆಸಿದ ಮೇಲಾದರೂ ಮುದುಕ ಸುಮ್ಮನಾಗುತ್ತಾನೆ ಎಂದು ದಂತವೈದ್ಯ ಅಂದುಕೊಂಡಿದ್ದ. ಆಗಲಿಲ್ಲ. ಕೆಳದವಡೆಯಲ್ಲಿ ಕನ್ನಡಿ, ಕೆನ್ನೆಯೊಳಗೆ ಹತ್ತಿ, ತುಟಿಯಂಚಿನಲ್ಲಿ ಎಂಜಲು ಹೀರುವ ಕೊಳವೆ. ಇಷ್ಟರ ನಡುವೆಯೂ ನಿವೃತ್ತ ಸ್ಟೇಷನ್ ಮಾಸ್ತರ ಏನೋ ಕೇಳುತ್ತಿದ್ದ. ಬರೀ ಸ್ವರಗಳು ಹೊರಬಂದವು. ಅರ್ಥವಾಗುವುದಕ್ಕೆ ವ್ಯಂಜನಗಳು ಬೇಕಿರಲಿಲ್ಲ. ಬೆಳಗಿನಿಂದ ಎಲ್ಲರದೂ ಅದೇ ಪ್ರಶ್ನೆ.

ರಾಜಧಾನಿಯ ರೈಲು ನಿಲ್ದಾಣದಲ್ಲಿ ಬಾಂಬುಗಳು ಸಿಡಿದು ಮೂರು ದಿನವಾಗಿತ್ತು. ಸತ್ತವರನ್ನು ಇನ್ನೂ ಎಣಿಸುತ್ತಿದ್ದರು. ದಾಳಿ ಮಾಡಿದವರಲ್ಲಿ ಹೆಚ್ಚಿನವರು ಸಮುದ್ರದಾಚೆಯ ದೇಶದವರು ಎಂದು ಸರ್ಕಾರ ನಿನ್ನೆ ಸಂಜೆ ಹೇಳಿತ್ತು. ವೈದ್ಯ ಹುಟ್ಟಿದ್ದು ಅಲ್ಲಿ. ಅಪ್ಪನ ಹೆಗಲ ಮೇಲೆ ಕೂತು ಹಡಗು ಹತ್ತಿದಾಗ ಅವನಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಆ ಊರೆಂದರೆ ಅವನಿಗೆ ಒಂದು ನೀಲಿ ಬಾಗಿಲು. ಅದೂ ಕಣ್ಣಾರೆ ಕಂಡದ್ದೋ, ಫೋಟೋದಲ್ಲಿ ನೋಡಿದ್ದೋ.

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಯಾರೂ ಬೈಯಲಿಲ್ಲ, ಎಲ್ಲರೂ ಕರುಣೆ ತೋರಿಸಿದರು. ನುಂಗಲಾರದ, ಉಗುಳಲಾರದ ಕರುಣೆ. ಪಕ್ಕದ ಔಷಧಿ ಅಂಗಡಿಯವಳು ಅವನ ತೋಳು ಮುಟ್ಟಿ, ನೀವು ಹಾಗಲ್ಲ ಅಂತ ನಮಗೆ ಗೊತ್ತು ಎಂದಳು. ಹಾಗೆ ಎಂದರೆ ಹೇಗೆ ಎಂದು ಅವನು ಕೇಳಲಿಲ್ಲ. ಇಬ್ಬರು ಫೋನ್ ಮಾಡಿ, ಹಲ್ಲುನೋವು ತಾನಾಗಿ ವಾಸಿಯಾಯಿತು, ಬರುವುದಿಲ್ಲ ಎಂದರು. ಹಲ್ಲುನೋವು ತಾನಾಗಿ ವಾಸಿಯಾದದ್ದನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಹೆಂಡತಿಯಂತೂ ಅವನು ಬೂಟು ಹಾಕಿಕೊಳ್ಳುವಾಗಲೇ, ಯಾರಾದರೂ ಕೇಳಿದರೆ ನಮ್ಮಮ್ಮನ ಊರು ಹೇಳಿಬಿಡಿ, ಸುಮ್ಮನೆ ಯಾಕೆ ರಗಳೆ ಎಂದಿದ್ದಳು.

ಕೊಳವೆ ತೆಗೆದದ್ದೇ ತಡ, ಮಾಸ್ತರ ವ್ಯಂಜನಗಳನ್ನೂ ಸೇರಿಸಿದ.

"ಅಲ್ಲ ಡಾಕ್ಟ್ರೇ, ನಿಮ್ಮವರು ಯಾಕೆ ಹೀಗೆ?"

"ಉಗುಳಿ."

"ಬೇಜಾರು ಮಾಡ್ಕೋಬೇಡಿ. ತಿಳ್ಕೊಳ್ಳೋಣ ಅಂತ ಕೇಳ್ದೆ."

"ಇನ್ನೊಂದ್ಸಲ ಉಗುಳಿ."

ಮಾಸ್ತರ ಹೊರಗೆ ಹೋಗಿ, ತುಟಿಯ ಜೋಮು ಇಳಿಯಲೆಂದು ಕೂತ. ಆಗಲೇ ನರ್ಸು ರೇಡಿಯೋದ ದನಿ ಜೋರು ಮಾಡಿದ್ದು. ಸರ್ಕಾರ ನಿನ್ನೆಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತ್ತು. ದಾಳಿ ಮಾಡಿದವರ ಬಳಿ ಸಿಕ್ಕ ಪಾಸ್‌ಪೋರ್ಟುಗಳು ನಕಲಿಯಂತೆ. ಹೆಚ್ಚಿನವರು ಉತ್ತರದ ಬೆಟ್ಟದ ದೇಶದವರಂತೆ.

ವೈದ್ಯನಿಗೆ ತಲೆಯ ಮೇಲಿನ ಕಲ್ಲು ಇಳಿದಂತಾಯಿತು. ಬಾಗಿಲಲ್ಲಿ ಮಾಸ್ತರ ಅರ್ಧ ತುಟಿಯಲ್ಲಿ ನಗುತ್ತ, ತನಗೆ ಮೊದಲೇ ಅನುಮಾನವಿತ್ತೆಂದೂ, ಸಮುದ್ರದಾಚೆಯವರು ಅಂಥವರಲ್ಲವೆಂದೂ ಹೇಳಿದ. ವೈದ್ಯನೂ ನಕ್ಕ. ನಕ್ಕದ್ದಕ್ಕೆ ಅಸಹ್ಯವಾಯಿತು. ಆದರೂ ಕೈ ಹಗುರಾಗಿತ್ತು. ಆಮೇಲೆ ಬಂದವರ ಎರಡು ಹಲ್ಲುಗಳನ್ನು ಸಲೀಸಾಗಿ ಕಿತ್ತ.

ಎರಡನೆಯದನ್ನು ಬಟ್ಟಲಿಗೆ ಹಾಕುವಾಗ ಅವನಿಗೆ ಸೆಟ್ಟಿನವನ ನೆನಪಾಯಿತು.

ಸೆಟ್ಟಿನವನು ಅವನ ರೋಗಿಗಳಿಗೆಲ್ಲ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದವನು. ಬೆಟ್ಟದ ದೇಶದವನೆಂದು ಎಲ್ಲರಿಗೂ ಗೊತ್ತಿತ್ತು. ಎಂಟು ವರ್ಷದ ಒಡನಾಟ. ಇವತ್ತೂ ಬರುವವನಿದ್ದ. ಫೋನ್ ಮಾಡಿ, ಇವತ್ತು ಬರುವುದು ಬೇಡ ಎಂದುಬಿಡೋಣವೇ? ಅವನ ಒಳ್ಳೆಯದಕ್ಕೇ. ಹೀಗೆಂದುಕೊಂಡಾಗ ಔಷಧಿ ಅಂಗಡಿಯವಳ ಕೈ ತೋಳಿನ ಮೇಲೆ ಮತ್ತೆ ಕೂತಂತಾಯಿತು. ಫೋನ್ ಮಾಡಲಿಲ್ಲ.

ಸೆಟ್ಟಿನವನು ಹೇಳಿದ ಹೊತ್ತಿಗೆ ಬಂದ. ಒದ್ದೆ ಬಟ್ಟೆ ಬಿಚ್ಚಿ ಹಲ್ಲಿನ ಸೆಟ್ಟನ್ನು ತಟ್ಟೆಯಲ್ಲಿಟ್ಟ. ವೈದ್ಯ ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ ಬೆಳಕಿಗೆ ಹಿಡಿದ. ಕೂದಲೆಳೆಯಷ್ಟೂ ಸಂದಿರಲಿಲ್ಲ. ಚೆನ್ನಾಗಿದೆ ಎನ್ನಬೇಕಿತ್ತು.

"ನೀವು ಅಲ್ಲಿ ಯಾವ ಕಡೆ?" ಎಂದುಬಿಟ್ಟ.

ಸೆಟ್ಟಿನವನು ಬಟ್ಟೆಯನ್ನು ನಿಧಾನವಾಗಿ ಮಡಚಿದ.

"ಇಷ್ಟು ವರ್ಷ ಕೇಳಿರ್ಲಿಲ್ಲ ಸಾರ್."

"ಹಾಗಲ್ಲ. ತಿಳ್ಕೊಳ್ಳೋಣ ಅಂತ."

"ನಿನ್ನೆ ಸುದ್ದಿ ಕೇಳಿ, ಬೆಳಿಗ್ಗೆ ನಿಮ್ಗೊಂದು ಫೋನ್ ಮಾಡೋಣ ಅಂದ್ಕೊಂಡೆ. ಏನು ಹೇಳೋದು ಅಂತ ಗೊತ್ತಾಗ್ಲಿಲ್ಲ. ಬಿಟ್ಟೆ."

ಇಬ್ಬರೂ ಹಲ್ಲುಗಳನ್ನೇ ನೋಡಿದರು. ಸೆಟ್ಟು ಹಾಕಿಸಿಕೊಳ್ಳಬೇಕಾದ ಅಜ್ಜಿ ಇನ್ನೂ ಬಂದಿರಲಿಲ್ಲ. ಎಲ್ಲಾದರೂ ಒತ್ತಿದರೆ ಉಜ್ಜಿಕೊಡಬೇಕಾಗುತ್ತದೆ, ಹೊರಗೆ ಕೂತಿರುತ್ತೇನೆ ಎಂದು ಹೇಳಿ ಸೆಟ್ಟಿನವನು ಹೋದ.

ವೈದ್ಯ ಕೈ ತೊಳೆದ. ಬೆರಳಸಂದಿಗಳನ್ನೂ ಉಗುರುಗಳನ್ನೂ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಉಜ್ಜಿದ. ಆಮೇಲೆ ಬಾಗಿಲು ತೆರೆದ.

ಹೊರಗಿನ ಕೋಣೆಯ ಉದ್ದನೆಯ ಬೆಂಚಿನ ನಡುವೆ ಸೆಟ್ಟಿನವನು ಒಬ್ಬನೇ ಕೂತಿದ್ದ. ಅವನ ಎರಡೂ ಪಕ್ಕ ಬೆಂಚು ಖಾಲಿ. ಉಳಿದವರೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿದ್ದರು, ಕೆನ್ನೆ ಊದಿದ ಹೆಂಗಸೂ, ಊರುಗೋಲಿನವನೂ. ಯಾರೂ ಯಾರಿಗೂ ಏನೂ ಅಂದಂತಿರಲಿಲ್ಲ. ರೇಡಿಯೋ ಯಾರೋ ಆರಿಸಿದ್ದರು.

ಹೋಗಿ ಅವನ ಪಕ್ಕ ಒಂದು ನಿಮಿಷ ಕೂತರೆ ಸಾಕಿತ್ತು. ವೈದ್ಯ ಬಾಗಿಲ ಹಿಡಿ ಬಿಡಲಿಲ್ಲ.

"ಮುಂದಿನವರು ಬನ್ನಿ," ಎಂದ.

ಒಳಗೆ ಬರಬೇಕಾದರೆ ಬೆಂಚಿನ ಮುಂದಿನಿಂದಲೇ ಬರಬೇಕು. ನಿಂತವರು ಯಾರೂ ಕದಲಲಿಲ್ಲ. ಕೂತಿದ್ದವನು ಮಾತ್ರ ತಲೆಯೆತ್ತಿ ನೋಡಿದ.